ಮಸೂದನ ಎಡಗಾಲು, ತಾಮುವಿನ ಬಾಯಿ

ತಾಮುವಿನ ಬಾಯಿಗೆ ಹೆದರದವರು ನಮ್ಮೂರಿನಲ್ಲಿ ಇಬ್ಬರೇ. ಒಬ್ಬರು ಮಸೀದಿಯಲ್ಲಿ ಧರ್ಮದ ಮಾತು ಹೇಳುವ ಫಕೀಹರು, ಇನ್ನೊಬ್ಬ ಮಸೂದ್. ಫಕೀಹರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮಸೂದನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು, ಆದರೆ ಅವನು ಕುದುರೆ. ಹುಟ್ಟಿದ ವಾರದಲ್ಲೇ ತಾಯಿ ಸತ್ತಾಗ ಮೇಕೆಯ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ ತಾಮು ಅವನನ್ನು ಉಳಿಸಿಕೊಂಡಿದ್ದಳು. ಚೀಪಿಸುವಾಗಲೂ ಬೈಯುತ್ತಲೇ ಇದ್ದಳು. ಹಾಗಾಗಿ ಮಸೂದನಿಗೆ ಬೈಗುಳವೆಂದರೆ ಹಾಲಿನ ಜೊತೆ ಬರುವ ಇನ್ನೊಂದು ಪದಾರ್ಥ ಅಷ್ಟೆ.

ಅವಳು ದುಕ್ಕಾಲ ಎಂಬ ನಮ್ಮ ಕಡಲಂಚಿನ ಬಯಲುಸೀಮೆಯ ಹೆಂಗಸು. ಗಿಡ್ಡ, ಗಟ್ಟಿ, ನಡೆದರೆ ನೆಲ ಸದ್ದು ಮಾಡಬೇಕು. ಬಾವಿಯ ಪಕ್ಕದ ತುಂಡು ನೆಲದಲ್ಲಿ ಪುದೀನ ಬೆಳೆದು ಕತ್ತೆಯ ಮೇಲೆ ಹೇರಿ ಗುರುವಾರದ ಸಂತೆಗೆ ಒಯ್ಯುತ್ತಿದ್ದಳು. ಹೆಣ್ಣು ನೋಡಲು ಬಂದ ದಿನ ಅವಳ ಅತ್ತೆ ಬಾಯಿ ತೆರೆಸಿ ಹಲ್ಲು ಎಣಿಸಿದಳಂತೆ, ನಾಲಿಗೆಯ ಕಡೆ ಗಮನ ಕೊಡಲಿಲ್ಲ. ಆ ತಪ್ಪನ್ನು ಪಾಪ, ಸಾಯುವವರೆಗೂ ಅನುಭವಿಸಿದಳು.

ಗಂಡ ಜಿಲಾಲಿ ನೋಡುವುದಕ್ಕೆ ಲಕ್ಷಣವಾಗಿದ್ದ. ಅದು ಅವನಿಗೂ ಗೊತ್ತಿತ್ತು, ತೊಂದರೆ ಅದೇ. ಗಡ್ಡಕ್ಕೆ ಬಣ್ಣ ಹಚ್ಚಿ, ತಾಮ್ರದ ಟ್ರೇಯ ತಳದಲ್ಲಿ ಮುಖ ನೋಡಿಕೊಂಡು, ಮನೆಯ ಗೋಡೆಗೆ ಒರಗಿ ಕೂತು ವರ್ಷ ಕಳೆಯುವವನು. ಬೇಸಿಗೆಯಲ್ಲಿ ಸುಗ್ಗಿ ಮುಗಿದು ನಮ್ಮ ಸಂತ ಸೀದಿ ಬುನವಾರರ ಉರುಸು ಬಂತೆಂದರೆ ಮಾತ್ರ ಜೀವ ಬರುತ್ತಿತ್ತು. ಅವನು ಬಾರೂದಿನ ಸವಾರ, ಅವನಪ್ಪನೂ ಬಾರೂದಿನ ಸವಾರ, ಅಜ್ಜನಂತೂ ಆ ಬಯಲಿನಲ್ಲೇ ಬಿದ್ದು ಸತ್ತು ಮನೆತನಕ್ಕೆ ಕೀರ್ತಿ ತಂದಿದ್ದ.

ಬಾರೂದಿನ ಆಟ, ಅಂದರೆ ಕೋವಿಮದ್ದಿನ ಆಟ, ಇಷ್ಟೆ. ಬಿಳಿ ಬಟ್ಟೆ ತೊಟ್ಟ ಗಂಡಸರು ಒಂದೇ ಸಾಲಿನಲ್ಲಿ ನಾಗಾಲೋಟದಿಂದ ಬರಬೇಕು. ಬಯಲಿನ ತುದಿಯ ಡೇರೆಯ ಮುಂದೆ ಎಲ್ಲರ ಕೋವಿಯೂ ಸೇರಿ ಒಂದೇ ಗುಂಡು ಹಾರಿದಂತೆ ಕೇಳಿಸಬೇಕು. ಕೇಳಿಸಿದ ಮರುಕ್ಷಣ ಕುದುರೆಗಳು ಇದ್ದಲ್ಲೇ ನಿಲ್ಲಬೇಕು. ಗುಂಡು ಎರಡಾಗಿ ಕೇಳಿಸಿದರೆ ಇಡೀ ತಂಡ ಮುಂದಿನ ವರ್ಷದವರೆಗೆ ತಲೆ ಎತ್ತುವ ಹಾಗಿಲ್ಲ. ಅಷ್ಟು ವೇಗದಲ್ಲಿ ಬಂದ ಪ್ರಾಣಿ ಗಕ್ಕನೆ ನಿಂತಾಗ ಆ ಭಾರವೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವ ಪುರುಸೊತ್ತು ಗಂಡಸರಿಗೆ ಇರಲಿಲ್ಲ. ಅವರ ಕಿವಿ ಗುಂಡಿನ ಮೇಲೆ, ಕಣ್ಣು ಡೇರೆಯಲ್ಲಿ ಕೂತ ದೊಡ್ಡವರ ಮೇಲೆ.

ಇನ್ನು ಉಳಿದ ತಿಂಗಳೆಲ್ಲ ಕುದುರೆ ಏನು ಮಾಡುತ್ತಿತ್ತು? ತಿನ್ನುತ್ತಿತ್ತು. ಮುಂಗಾಲು ಎರಡಕ್ಕೂ ಹಗ್ಗ ಬಿಗಿಸಿಕೊಂಡು, ಒಂದೇ ಗೂಟದ ಸುತ್ತ ನಿಂತು, ಬಾರ್ಲಿ ಮೆದ್ದು ಉಬ್ಬುತ್ತಿತ್ತು. ಕುದುರೆ ದುಂಡಗಾದಷ್ಟೂ ಯಜಮಾನನ ಮನೆ ಚೆನ್ನಾಗಿದೆ ಎಂದು ನಮ್ಮವರ ಲೆಕ್ಕ. ಉರುಸಿಗೆ ವಾರವಿದೆ ಎನ್ನುವಾಗ ಹಗ್ಗ ಬಿಚ್ಚಿ, ಮೈ ತೊಳೆದು, ಕಾಲಿಗೆ ಮದರಂಗಿ ಹಚ್ಚಿ ಬಯಲಿಗಿಳಿಸಿದರೆ ಆಯಿತು. ಒಂದು ವರ್ಷದ ಉರುಸಿನಲ್ಲಿ ಮಸೂದ್ ಹಾಗೆಯೇ ಇಳಿದು, ಹಾಗೆಯೇ ಓಡಿ, ಗುಂಡು ಹಾರಿದ ಮೇಲೆ ನಿಂತ. ನಿಂತವನು ಎಡ ಮುಂಗಾಲನ್ನು ನೆಲಕ್ಕೆ ಊರಲಿಲ್ಲ. ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ ಹಗ್ಗದ ಹಾಗೆ ಇಳಿಯುವ ನರ ಸಂಜೆಯೊಳಗೆ ಬದನೆಕಾಯಿಯಷ್ಟು ಊದಿಕೊಂಡಿತು.

ಅದೇನು ದೊಡ್ಡ ಅನಾಹುತವಲ್ಲ, ಪ್ರತಿವರ್ಷ ಯಾರದಾದರೂ ಒಂದು ಕುದುರೆಗೆ ಆಗುತ್ತಿದ್ದದ್ದೇ. ಅನಾಹುತ ಆದದ್ದು ಜಿಲಾಲಿ ಬಾಯಿ ತೆರೆದಾಗ. ತಂಡದ ಮುಖ್ಯಸ್ಥ ಕದ್ದೂರ್ ಎಲ್ಲರೆದುರು, "ಇದೇನಯ್ಯಾ, ಕುದುರೆ ಅಂತ ಕತ್ತೆ ತಂದಿದ್ದೀಯಾ?" ಎಂದ. ಗಂಡಸರು ನಕ್ಕರು. ಪಕ್ಕದ ಪಟ್ಟಣದಲ್ಲಿ ಜಟಕಾ ಓಡಿಸುವ ಸಲ್ಲಾಮ್ ಅಲ್ಲೇ ಕೂತಿದ್ದ. ಕಾಲು ಕೆಟ್ಟ ಕುದುರೆಗಳನ್ನು ಅಗ್ಗಕ್ಕೆ ಹೊಡೆದುಕೊಂಡು ಹೋಗಿ ಸಾಯುವವರೆಗೆ ಎಳೆಸುವವನು ಅವನು. ಉರುಸಿಗೆ ಬರುವುದೇ ಅದಕ್ಕಾಗಿ. ಅವನೂ ನಕ್ಕ. ಜಿಲಾಲಿಯ ತಲೆಗೆ ರಕ್ತ ಏರಿತು.

"ಕೇಳ್ರಪ್ಪಾ ಎಲ್ರೂ! ಮುಂದಿನ ಉರುಸಿಗೆ ಇದೇ ಕುದುರೆ ಮೇಲೆ ಬರ್ತೀನಿ. ಈ ಬಯಲಲ್ಲಿ ಇನ್ನೊಂದ್ಸಲ ಕುಂಟಿದ್ರೆ ನಿಂತ ಜಾಗದಲ್ಲೇ ಸಲ್ಲಾಮನ ಕೈಗೆ ಕೊಡ್ತೀನಿ. ಕೊಡ್ಲಿಲ್ಲಾ ಅಂದ್ರೆ ನನ್ನ ಹೆಂಡ್ತಿ ನನಗೆ ಹರಾಮು!"

ನಮ್ಮ ಗಂಡಸರ ಚಾಳಿ ಇದು. ಈರುಳ್ಳಿ ಚೌಕಾಸಿಗೂ, ನಾಳೆ ಮಳೆ ಬರುತ್ತದೋ ಇಲ್ಲವೋ ಎಂಬ ವಾದಕ್ಕೂ ಮನೆಯಲ್ಲಿ ರೊಟ್ಟಿ ತಟ್ಟುತ್ತಿರುವವಳನ್ನು ತಂದು ಅಡ ಇಡುವುದು. ಸಂತೆಯಲ್ಲಿ ಆಡಿದ್ದನ್ನು ಸಂತೆಯಲ್ಲೇ ಮರೆಯುತ್ತಾರೆ. ಆದರೆ ಸೀದಿಯ ಗುಮ್ಮಟದ ಎದುರು, ಇಡೀ ತಂಡ ಕೇಳುವ ಹಾಗೆ ಆಡಿದ ಆಣೆಯನ್ನು ಯಾರೂ ಮರೆಯುವುದಿಲ್ಲ. ಜಿಲಾಲಿ ಕುಂಟುವ ಕುದುರೆಯನ್ನು ನಡೆಸಿಕೊಂಡು ಮನೆ ಸೇರುವ ಹೊತ್ತಿಗೆ ಬಾವಿಕಟ್ಟೆಯ ಹೆಂಗಸರು ತಾಮುವಿಗೆ ಸುದ್ದಿಯನ್ನು ಉಪ್ಪು ಖಾರ ಹಚ್ಚಿ ಬಡಿಸಿ ಆಗಿತ್ತು.

ಅವಳು ಮೊದಲು ಕುದುರೆಯ ಕಾಲನ್ನು ಬಾವಿಯ ನೀರಿನಲ್ಲಿ ನೆನೆಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಕುದುರೆ ಕುಂಟಿದ್ದಕ್ಕೆ ನನ್ನ ಯಾಕಯ್ಯಾ ಅಡ ಇಟ್ಟೆ? ನಿನ್ನ ಗಡ್ಡ ಇರ್ಲಿಲ್ವಾ ಇಡಕ್ಕೆ?"

"ಬಾಯಿಗೆ ಬಂತು, ಆಡಿಬಿಟ್ಟೆ."

"ಬಾಯಿಗೆ ಬಂದದ್ದನ್ನ ನಾನು ದಿನಾ ಆಡ್ತೀನಿ. ಒಂದ್ಸಲನಾದ್ರೂ ನಿನ್ನ ಹರಾಮು ಮಾಡಿದ್ದೀನಾ?"

ಜಿಲಾಲಿ ಗೋಡೆಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಉರುಳಿಕೊಂಡ. ಅವಳು ಮರುದಿನವೇ ಫಕೀಹರ ಬಳಿ ಹೋದಳು. ಸಂಸಾರದ ಗುಟ್ಟನ್ನು ಕಿವುಡರ ಕಿವಿಗೆ ಹೇಳುವುದು ಹೇಗೆ? ಕೂಗಿಯೇ ಹೇಳಬೇಕು.

"ಕುಂಟಿದ ಕುದುರೆ ಕೊಡದಿದ್ರೆ ನನಗೆ ತಲಾಖ್ ಆಗ್ಬಿಡುತ್ತಾ ಅಂತ ಕೇಳ್ದೆ!"

"ಯಾರ ಮದ್ವೆ, ಮಗಳೇ?"

ಮಸೀದಿಯ ಅಂಗಳದಲ್ಲಿ ಊರು ನೆರೆಯಿತು. ನಾಲ್ಕಾರು ಸಲ ಕೂಗಿದ ಮೇಲೆ ಫಕೀಹರಿಗೆ ಅರ್ಥವಾಯಿತು. ಅವರು ಗಡ್ಡ ನೀವಿಕೊಂಡು, ಇದು ಬಡವರಿಗೆ ಊಟ ಹಾಕಿ ಕಳೆದುಕೊಳ್ಳುವ ಆಣೆ ಅಲ್ಲ, ಹೆಂಡತಿಯ ಹೆಸರು ಬಂದಮೇಲೆ ಬಿಗಿ ಎಂದರು. ಹಾಗಾದರೆ ಏನು ಮಾಡಲಿ ಎಂದು ಅವಳು ಮತ್ತೆ ಕೂಗಿದಳು.

"ಕುದುರೆ ಕುಂಟದ ಹಾಗೆ ನೋಡ್ಕೊ, ಮಗಳೇ" ಎಂದರು ಫಕೀಹರು. ಅವರು ತಮ್ಮ ಆಯುಷ್ಯದಲ್ಲಿ ಹೇಳಿದ್ದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಮಾತು ಅದೇ ಇರಬೇಕು.

ಆ ದಿನ ಮನೆಗೆ ಬರುವಾಗ ತಾಮುವಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಒಂದೋ ಕೈಯಾರೆ ಹಾಲು ಕುಡಿಸಿದ್ದು ಸಲ್ಲಾಮನ ಜಟಕಾಗೆ ಹೋಗಬೇಕು, ಇಲ್ಲವೋ ಈ ವಯಸ್ಸಿನಲ್ಲಿ ತಾನು ಗಂಟು ಕಟ್ಟಿಕೊಂಡು ಅಣ್ಣನ ಮನೆ ಬಾಗಿಲಿಗೆ ಹೋಗಬೇಕು. ಅಣ್ಣನ ಹೆಂಡತಿಯ ಮುಖ ನೆನಪಾಗಿ ದಾರಿಯುದ್ದಕ್ಕೂ ಆ ಹೆಂಗಸನ್ನು ಬೈಯುತ್ತಲೇ ಬಂದಳು.

ಜಿಲಾಲಿಗೆ ಗೊತ್ತಿದ್ದ ಮದ್ದು ಒಂದೇ. ಬರೆ ಹಾಕುವವನನ್ನು ಕರೆಸಿದ. ಅವನು ಒಲೆಯಲ್ಲಿ ಕಬ್ಬಿಣ ಕೆಂಪಗೆ ಕಾಯಿಸಿ, ಸುಟ್ಟರೆ ನರ ಗಟ್ಟಿಯಾಗುತ್ತದೆ ಎಂದು ವಿವರಿಸುತ್ತಿದ್ದಾಗ ತಾಮು ಕುದುರೆಗೂ ಕಬ್ಬಿಣಕ್ಕೂ ನಡುವೆ ಬಂದು ನಿಂತಳು.

"ಮೊದ್ಲು ನಿನ್ನ ಕಾಲಿಗೆ ಹಾಕ್ಕೊಳ್ಳಪ್ಪಾ. ಇಲ್ಲಿಂದ ಸಂತೆವರೆಗೂ ಓಡು. ಗಟ್ಟಿಯಾಗಿದ್ಯಾ ನೋಡಿ ಆಮೇಲೆ ಮಾತಾಡೋಣ."

ಅವನು ಕಬ್ಬಿಣ ತಣ್ಣಗಾಗುವುದನ್ನೂ ಕಾಯದೆ ಹೊರಟುಹೋದ. ಅವಳಿಗೆ ವೈದ್ಯವಿದ್ಯೆ ಗೊತ್ತಿತ್ತು ಅಂತಲ್ಲ. ಅವಳಿಗೆ ಗೊತ್ತಿದ್ದದ್ದು ತನ್ನ ಕಾಲು ಮಾತ್ರ. "ನಾನು ದಿನಾ ನೀರು ಹೊರ್ತೀನಿ, ಸಂತೆಗೆ ನಡೀತೀನಿ, ನನ್ನ ಕಾಲು ಉಳುಕಿದ್ದು ನೋಡಿದ್ದೀಯಾ? ನೀನು ವರ್ಷವೆಲ್ಲಾ ಗೋಡೆಗೆ ಒರಗಿದ್ದು ತಂಗಿ ಮದ್ವೇಲಿ ಒಂದು ಹೊತ್ತು ಕುಣಿದೆ. ಎಷ್ಟು ದಿನ ಮಂಚ ಹಿಡಿದಿದ್ದೆ, ಹೇಳು? ಈ ಬಡಪಾಯಿಗೂ ನೀನು ಮಾಡಿದ್ದು ಅದನ್ನೇ." ಇಷ್ಟೇ ಅವಳ ಶಾಸ್ತ್ರ.

ಬೇಸಿಗೆ ಕಳೆಯುವವರೆಗೆ ಮಸೂದನಿಗೆ ತಣ್ಣೀರು, ನೆರಳು, ಅಂಗಳದಲ್ಲಿ ನಾಲ್ಕು ಹೆಜ್ಜೆ. ಮುಂಗಾಲಿನ ಹಗ್ಗವನ್ನು ಅವಳು ಒಲೆಗೆ ಹಾಕಿದಳು. ಬಾರ್ಲಿಯನ್ನು ಅರ್ಧಕ್ಕಿಳಿಸಿ, ಅಷ್ಟು ಹೊಟ್ಟೆ ಹೊತ್ತು ತಿರುಗುವುದು ಯಾರು, ಆ ಕಾಲೇ ತಾನೇ ಎಂದಳು. ಮೊದಲ ಮಳೆ ಬಿದ್ದು ಧೂಳು ಕೂತು ಗಾಡಿದಾರಿ ಗಟ್ಟಿಯಾದ ಮೇಲೆ ಹಗ್ಗ ಹಿಡಿದು ನಡೆಸಲು ಶುರು ಮಾಡಿದಳು. ಬೆಳಗಿನ ನಮಾಜಿಗೆ ಹೋಗುವವರಿಗೆ ಎದುರಾಗುತ್ತಿದ್ದ ಮೊದಲ ದೃಶ್ಯ ಅದೇ ಆಯಿತು: ಮುಂದೆ ಗೊಣಗುತ್ತಾ ತಾಮು, ಹಿಂದೆ ಕಿವಿ ನಿಮಿರಿಸಿಕೊಂಡು ಮಸೂದ್. ಓಟವಿಲ್ಲ, ತಿರುವಿಲ್ಲ, ನೆಟ್ಟಗೆ ಹೋಗುವುದು, ನೆಟ್ಟಗೆ ಬರುವುದು.

"ತಾಮು ಗಂಡನ್ನ ಬಿಟ್ಟು ಕುದುರೆ ಜೊತೆ ಓಡಿಹೋಗ್ತಿದ್ದಾಳೆ ಕಣ್ರೋ!" ಎಂದು ಗೋಡೆಗೊರಗಿದ ಗಂಡಸರು ಕೂಗುತ್ತಿದ್ದರು.

"ಓಡ್ತಿಲ್ಲ, ನಡೀತಿದ್ದೀನಿ. ಓಡಿಹೋಗೋದಾದ್ರೆ ನಿಮ್ಮ ಹೆಂಡ್ತೀರನ್ನೂ ಕರ್ಕೊಂಡು ಹೋಗ್ತೀನಿ, ನಾವೂ ಬರ್ತೀವಿ ಅಂತ ಎಲ್ರೂ ಕೇಳ್ತಿದ್ದಾರೆ."

ಚಳಿಗಾಲದಲ್ಲಿ ಅವಳೇ ಒಂದು ತಪ್ಪು ಮಾಡಿದಳು. ಒಂದು ಮುಂಜಾನೆ ಗಾಳಿ ಹಿತವಾಗಿತ್ತು, ಮಸೂದ್ ಕುಣಿಯುತ್ತಿದ್ದ, ಮೈ ಉಕ್ಕಿನ ಹಾಗಿತ್ತು, ಏದುಸಿರು ಬರುತ್ತಿರಲಿಲ್ಲ. ಇನ್ನೇನು ವಾಸಿಯಾಯಿತು ಎಂದುಕೊಂಡು ಸಮುದ್ರದ ಕಡೆಗೆ ಒಯ್ದು ಒಣಮರಳಿನ ದಿಬ್ಬದ ಮೇಲೆ ಓಡಿಸಿದಳು. ಮೆತ್ತಗಿದೆ, ಕಾಲಿಗೆ ಒಳ್ಳೆಯದು ಎಂದು ಅವಳ ಎಣಿಕೆ. ಮೆತ್ತನೆಯ ಮರಳಿನಲ್ಲಿ ಗೊರಸು ಹೂತು, ಪ್ರತಿ ಹೆಜ್ಜೆಗೂ ಆ ನರವೇ ಇಡೀ ಕುದುರೆಯನ್ನು ಮೇಲೆ ಎಳೆದುಕೊಳ್ಳಬೇಕಾಯಿತು. ಮಾರನೆಯ ದಿನ ಕಾಲು ಮುಟ್ಟಿದರೆ ಬಿಸಿ. ಅವಳು ಕುದುರೆಯ ಕೊಟ್ಟಿಗೆಯಲ್ಲೇ ಕೂತು ತನ್ನನ್ನು ತಾನು ಬೈದುಕೊಂಡಳು, ಅದೂ ಗಂಡನಿಗೆ ಎಂದೂ ಬಳಸದ ಮಾತುಗಳಲ್ಲಿ. ಮೈಯೂ ಉಸಿರೂ ಬೇಗ ಕೂಡಿಬರುತ್ತವೆ, ನರಕ್ಕೆ ಮಾತ್ರ ಅದರದೇ ನಿಧಾನ ಎಂದು ಅವಳಿಗೆ ತಿಳಿದದ್ದು ಆಗ. ಮತ್ತೆ ತಣ್ಣೀರು, ಮತ್ತೆ ಅಂಗಳದ ನಾಲ್ಕು ಹೆಜ್ಜೆ, ಎಲ್ಲವೂ ಮೊದಲಿನಿಂದ.

ಈ ಸಲ ಅವಳು ಅವಸರ ಮಾಡಲಿಲ್ಲ. ಗಾಡಿದಾರಿ ಸರಿಯಾದ ಮೇಲೆ ಡಾಂಬರು ರಸ್ತೆ, ಡಾಂಬರು ಒಗ್ಗಿದ ಮೇಲೆ ಸಮುದ್ರದ ನೀರು ಹಿಂದೆ ಸರಿದಾಗ ಸಿಗುವ ಗಟ್ಟಿಯಾದ ಹಸಿಮರಳು. ಲಾಳ ಹೊಡೆಯುವವನು ಗೊರಸಿನ ಮುಂಭಾಗವನ್ನು ಉದ್ದ ಬಿಟ್ಟು ಹಿಮ್ಮಡಿಯನ್ನು ಕೆತ್ತುತ್ತಿದ್ದ. ಉದ್ದ ಮೂತಿಯ ಚಪ್ಪಲಿ ಹಾಕಿಕೊಂಡು ನೀನೇ ದಿಬ್ಬ ಹತ್ತಿ ತೋರಿಸು ಎಂದು ಅವನೊಡನೆ ಜಗಳವಾಡಿ ಮುಂಭಾಗವನ್ನೇ ಕತ್ತರಿಸುವಂತೆ ಮಾಡಿದಳು. ನಿಧಾನದ ಓಟಕ್ಕೆ ತನ್ನ ಗಂಡುಕತ್ತೆಯನ್ನು ಅಳತೆಗೋಲು ಮಾಡಿಕೊಂಡಳು. ಅವಳು ಕತ್ತೆಯ ಮೇಲೆ, ಕೈಯಲ್ಲಿ ಕುದುರೆಯ ಹಗ್ಗ. ಕತ್ತೆ ಏದುಸಿರು ಬಿಟ್ಟು ಓಡಿದರೂ ಮಸೂದನಿಗೆ ಅದು ಹಗುರ ಓಟ. ಬಾರೂದಿನ ಕುದುರೆಗೆ ಕತ್ತೆ ಗುರುವಾದದ್ದನ್ನು ನೋಡಲು ಜನ ದಾರಿಗೆ ಬಂದು ನಿಲ್ಲುತ್ತಿದ್ದರು.

ಸಂತೆಗೆ ಹೇಗೂ ಹೋಗಬೇಕು, ಬೆನ್ನು ಯಾಕೆ ಖಾಲಿ ಎಂದು ಒಂದು ಗುರುವಾರ ಮಸೂದನ ಮೇಲೆ ಪುದೀನದ ಕಟ್ಟುಗಳನ್ನು ಹೇರಿದಳು. ಸ್ವಲ್ಪ ಸ್ವಲ್ಪವೇ ಭಾರ ಅಭ್ಯಾಸವಾಗಲಿ ಎಂಬುದೂ ಅವಳ ತಲೆಯಲ್ಲಿತ್ತು. ಇದನ್ನು ಮಾತ್ರ ಊರು ಸಹಿಸಲಿಲ್ಲ. ಕದ್ದೂರ್ ಸ್ವತಃ ಸಂತೆಗೆ ಬಂದು ಅವಳ ಪುದೀನದ ರಾಶಿಯ ಮುಂದೆ ನಿಂತ.

"ತಾಮು! ಇದು ಬಾರೂದಿನ ಕುದುರೆ. ಇದರ ಬೆನ್ನ ಮೇಲೆ ಪುದೀನಾನಾ? ಸೀದಿ ಬುನವಾರ್ ಏನಂದ್ಕೊಂಡಾರು?"

"ಸೀದಿಗೆ ವರ್ಷಾ ವರ್ಷಾ ನಿಮ್ಮ ಹೊಗೆ ಕುಡಿದು ಗಂಟಲು ಕಟ್ಟಿರುತ್ತೆ, ಕದ್ದೂರ್ ಸಾಹೇಬ್ರೇ. ಪುದೀನ ಅಂದ್ರೆ ಖುಷಿನೇ ಪಡ್ತಾರೆ."

"ಹುಡುಗಾಟ ಬೇಡ. ತಂಡದ ಮರ್ಯಾದೆ ಹೋಗ್ತಿದೆ."

"ಅದೇನು ಅಷ್ಟು ಹಗುರ ಇದ್ಯಾ? ಹಾಗಿದ್ರೆ ಕೊಡಿ, ಇನ್ನೊಂದು ಕಟ್ಟಿಗೆ ಜಾಗ ಇದೆ. ಅದನ್ನೂ ಹೇರ್ತೀನಿ."

ಸುತ್ತ ಇದ್ದವರು ನಕ್ಕಿದ್ದನ್ನು ಕದ್ದೂರ್ ಮನಸ್ಸಿನಲ್ಲಿಟ್ಟುಕೊಂಡ. ಆ ಸಂಜೆ ಅವನು ಜಿಲಾಲಿಗೆ ಏನು ಹೇಳಿದನೋ, ಮರುದಿನ ಬೆಳಿಗ್ಗೆ ಜಿಲಾಲಿ ಬಣ್ಣ ಹಚ್ಚಿದ ಗಡ್ಡ ಬಾಚಿಕೊಂಡು ಅಂಗಳದಲ್ಲಿ ನಿಂತಿದ್ದ. ಇನ್ನು ಮೇಲೆ ಕುದುರೆಯನ್ನು ತಾನೇ ನಡೆಸುತ್ತೇನೆ ಎಂದ. ತಾಮು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಡೆಸು. ಆದ್ರೆ ಬೆಳಿಗ್ಗೆ ಹೊರಡೋಕೆ ಮೊದ್ಲು ಎರಡೂ ಕಾಲು ಮುಟ್ಟಿ ನೋಡಿ ನನಗೆ ಹೇಳ್ಬೇಕು. ಮೊದ್ಲು ಬಲಗಾಲು, ಆಮೇಲೆ ಎಡಗಾಲು. ಬಿಸಿ ಇದ್ಯಾ, ಊತ ಇದ್ಯಾ, ಎರಡೂ ಒಂದೇ ತರ ಇದ್ಯಾ."

ಕೆಲವು ದಿನ ಅವನು ಕುದುರೆಯ ಹತ್ತಿರವೂ ಬಗ್ಗದೆ "ತಣ್ಣಗಿದೆ" ಎನ್ನುತ್ತಿದ್ದ. ಅವಳಿಗೆ ಅನುಮಾನ ಬಂತು. ಒಂದು ಬೆಳಿಗ್ಗೆ ಅವನು ಏಳುವ ಮೊದಲೇ ಗೋಣಿತಾಟನ್ನು ಬಿಸಿನೀರಿನಲ್ಲಿ ಅದ್ದಿ ಕುದುರೆಯ ಎಡಗಾಲಿಗೆ ಸುತ್ತಿ, ಅವನು ಬರುವ ಸದ್ದಾದಾಗ ಬಿಚ್ಚಿ ಅಡಗಿಸಿದಳು. ಜಿಲಾಲಿ ಆಕಳಿಸುತ್ತಾ ಬಂದು, ನಿಂತಲ್ಲೇ, "ಎರಡೂ ತಣ್ಣಗಿದೆ" ಎಂದ. ಅವಳು ಅವನ ಕೈ ಹಿಡಿದು ಎಳೆದು ಆ ಕಾಲಿನ ಮೇಲೆ ಇಟ್ಟಳು. ಅವನ ಮುಖದ ಬಣ್ಣ ಹೋಯಿತು.

"ಬಿಸಿ ಇದೆ! ತಾಮು, ಬಿಸಿ ಇದೆ ಕಣೆ! ಮುಗೀತು ನಮ್ಮ ಕಥೆ!"

ಅವನು ಅಷ್ಟು ಗಾಬರಿಯಾಗಿದ್ದನ್ನು ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ. ಗೋಣಿತಾಟು ತೋರಿಸಿದಾಗ ಅವನು ನೆಲದ ಮೇಲೆ ಕೂತು ಆ ಕಾಲನ್ನು ಇನ್ನೊಮ್ಮೆ ಮುಟ್ಟಿ ನೋಡಿದ. ಮರುದಿನದಿಂದ ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ಎರಡೂ ಕಾಲುಗಳನ್ನು ನಿಧಾನವಾಗಿ ಸವರಿ ನೋಡತೊಡಗಿದ. ವಸಂತ ಮುಗಿಯುವ ಹೊತ್ತಿಗೆ ಅವನು ಚಹಾ ಕುಡಿಯುವಾಗಲೂ ಕೈ ಲೋಟವನ್ನು ಹಾಗೆಯೇ ಸವರುತ್ತಿತ್ತು. ತಾಮು ಅದನ್ನು ನೋಡಿ ಒಳಗೊಳಗೇ ನಕ್ಕಳು, ಹೊರಗೆ ಮಾತ್ರ "ಲೋಟಕ್ಕೆ ಊತ ಇದ್ಯಾ?" ಎಂದು ಕೇಳಿದಳು.

ಉರುಸು ಬಂತು. ಮಸೂದ್ ತೆಳ್ಳಗೆ, ಒಣಗಿದ ಹಾಗೆ ಕಾಣುತ್ತಿದ್ದ. ಉಳಿದ ಕುದುರೆಗಳು ಅವನ ಪಕ್ಕದಲ್ಲಿ ಬಸುರಿಯರಂತೆ ನಿಂತಿದ್ದವು. ಹೆಂಡತಿ ಪುದೀನ ಬಿಟ್ಟು ಬೇರೇನೂ ತಿನ್ನಿಸಲಿಲ್ಲವೇ ಎಂದು ತಂಡದವರು ಜಿಲಾಲಿಯನ್ನು ರೇಗಿಸಿದರು. ಹೊರಡುವಾಗ ತಾಮು ಅವನ ಬಿಳಿ ಅಂಗಿಯ ಮಡಿಕೆ ಸರಿಮಾಡುತ್ತಾ ಒಂದೇ ಮಾತು ಹೇಳಿದ್ದಳು: "ದಿನಕ್ಕೆ ಎರಡು ಓಟ. ಮೂರನೇದು ಅಂದ್ರೆ ಆ ಕಾಲು ಇನ್ನೂ ತಡೆಯಲ್ಲ. ಸುಲ್ತಾನ್ರೇ ಬಂದು ಕೇಳಿದ್ರೂ ಇಲ್ಲ ಅನ್ನು."

ಸಲ್ಲಾಮ್ ಬಂದಿದ್ದ. ಹೆಗಲ ಮೇಲೆ ಹೊಸ ಹಗ್ಗ, ಜೇಬಿನಲ್ಲಿ ಕುದುರೆಗೆ ಆಸೆ ತೋರಿಸಲು ಸಕ್ಕರೆ ತುಂಡು. ಪ್ರತಿ ಓಟ ಮುಗಿದಾಗಲೂ ಅವನು ಸವಾರರ ಮುಖ ನೋಡದೆ ಮಸೂದನ ಕಾಲು ನೋಡುತ್ತಿದ್ದ. ತಾಮು ಹೆಂಗಸರ ಕಡೆಯ ಹಗ್ಗದ ಆಚೆ ನಿಂತು ಸಲ್ಲಾಮನನ್ನು ನೋಡುತ್ತಿದ್ದಳು.

ಮೊದಲ ದಿನಗಳು ದಾಟಿದವು. ಕೊನೆಯ ದಿನದ ಎರಡೂ ಓಟಗಳು ಮುಗಿದವು. ಎರಡರಲ್ಲೂ ಒಂದೇ ಗುಂಡು, ಎರಡರಲ್ಲೂ ಮಸೂದ್ ಗಕ್ಕನೆ ನಿಂತು ನಾಲ್ಕೂ ಕಾಲು ಊರಿದ. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಮೂರು ಕಾರು ಬಂದವು. ಯಾರೋ ದೊಡ್ಡ ಅಧಿಕಾರಿ, ತಡವಾಗಿ. ಅವರು ಡೇರೆಯಲ್ಲಿ ಕೂತು ಚಹಾ ಕೈಗೆತ್ತಿಕೊಂಡ ಕೂಡಲೇ ಕದ್ದೂರ್ ಕೈ ಎತ್ತಿ ತಂಡವನ್ನು ಮತ್ತೆ ಬಯಲಿನ ಆಚೆ ತುದಿಗೆ ಕರೆದ.

ತಾಮು ಹಗ್ಗದ ಉದ್ದಕ್ಕೂ ಜನರನ್ನು ತಳ್ಳಿಕೊಂಡು ಆ ತುದಿಗೆ ಓಡಿದಳು. ಅವಳು ತಲುಪಿದಾಗ ಜಿಲಾಲಿ ಕೆಳಗಿಳಿದು ಜೀನಿನ ಪಟ್ಟಿ ಬಿಗಿಯುತ್ತಿದ್ದ. ಬಿಗಿದು ಮುಗಿಸಿದ ಕೈ ತಾನಾಗಿಯೇ ಕೆಳಗೆ ಹೋಯಿತು. ಬಲಗಾಲು ಸವರಿದ. ಎಡಗಾಲು ಸವರಿದ. ಮತ್ತೆ ಬಲಗಾಲಿಗೆ ಹೋದ, ಮತ್ತೆ ಎಡಗಾಲಿಗೆ ಬಂದ. ಅಲ್ಲಿ ಅವನ ಕೈ ನಿಂತಿತು. ಅವನ ಬೆನ್ನು ನೋಡಿಯೇ ತಾಮುವಿಗೆ ಅರ್ಥವಾಯಿತು, ಬಿಸಿ ಇದೆ.

ಓಡಿದರೆ ನಿಲ್ಲುವಾಗ ಆ ನರ ಹೋಗುತ್ತದೆ. ಕಾಲು ಬಿಸಿಯಿದೆ ಎಂದರೆ ಈಗಲೇ ಕುಂಟು ಎಂದು ಒಪ್ಪಿಕೊಂಡ ಹಾಗೆ, ಸಲ್ಲಾಮ್ ಹಗ್ಗ ಬಿಚ್ಚುತ್ತಾನೆ. ಅವಳಿಗೆ ಕೂಗಬೇಕೆನಿಸಿತು. ಬದುಕಿನಲ್ಲಿ ಮೊದಲ ಸಲ ಬಾಯಿಗೆ ಮಾತು ಬರಲಿಲ್ಲ.

"ಹತ್ತಯ್ಯಾ ಜಿಲಾಲಿ! ಹೆರಿಗೆ ಮಾಡಿಸ್ತಿದ್ದೀಯಾ ಏನಲ್ಲಿ?" ಎಂದ ಕದ್ದೂರ್.

ಜಿಲಾಲಿ ಎದ್ದು ನಿಂತ. "ನಾನು ಹತ್ತಲ್ಲ."

"ಯಾಕೆ? ಕುದುರೆಗೇನಾಯ್ತು?"

ತಂಡದ ಹಿಂದೆಯೇ ಆ ತುದಿಗೆ ಬಂದಿದ್ದ ಸಲ್ಲಾಮ್ ಎರಡು ಹೆಜ್ಜೆ ಮುಂದೆ ಬಂದ.

"ಕುದುರೆಗೇನೂ ಆಗಿಲ್ಲ" ಎಂದ ಜಿಲಾಲಿ. ಅವನ ದನಿ ಸಣ್ಣಗಿತ್ತು. ಆಮೇಲೆ ಎಲ್ಲರಿಗೂ ಕೇಳಿಸಲಿ ಎಂಬಂತೆ ಜೋರಾಗಿ ಹೇಳಿದ: "ನನಗೇ ಹೆದರಿಕೆ ಆಗ್ತಿದೆ."

"ಏನಂದೆ?"

"ಹೆದರಿಕೆ ಅಂದೆ. ಕೈ ನಡುಗ್ತಿದೆ. ಕೋವಿ ಹಿಡಿಯಕ್ಕಾಗಲ್ಲ."

ನಗು ಹೊರಟಿತು. ತಂಡದಿಂದ ಶುರುವಾಗಿ, ಹಗ್ಗದ ಆಚೆಯ ಗಂಡಸರಿಗೆ ಹರಡಿ, ಹೆಂಗಸರ ಕಡೆಗೂ ಬಂತು. ನಮ್ಮ ಬಯಲಿನಲ್ಲಿ ಕುದುರೆಯಿಂದ ಬಿದ್ದವರಿದ್ದಾರೆ, ಬೆರಳು ಸುಟ್ಟುಕೊಂಡವರಿದ್ದಾರೆ, ಸತ್ತವರೂ ಇದ್ದಾರೆ. ಹೆದರಿ ಇಳಿದವನು ಅದುವರೆಗೆ ಇರಲಿಲ್ಲ. ಕದ್ದೂರ್ ನಗಲಿಲ್ಲ. ಕೋವಿಯನ್ನು ಅವನ ಕೈಯಿಂದ ಕಿತ್ತುಕೊಂಡು, "ನಿನ್ನಜ್ಜ ಸತ್ತ ಜಾಗ ಇದು. ಹೋಗು, ನನ್ನ ಕಣ್ಣೆದುರು ನಿಲ್ಬೇಡ" ಎಂದ.

ತಾಮುವಿನ ಪಕ್ಕದವಳು ಮೊಣಕೈಯಿಂದ ತಿವಿದಳು. "ಅಯ್ಯೋ, ನಿನ್ನ ಗಂಡ ಚಡ್ಡೀಲೇ ಮಾಡ್ಕೊಂಡ್ನಾ ನೋಡೇ." ಬೇರೆ ದಿನವಾಗಿದ್ದರೆ ಆ ಹೆಂಗಸು ಹಲ್ಲು ಎಣಿಸಿಕೊಳ್ಳಬೇಕಾಗುತ್ತಿತ್ತು. ತಾಮು ಅವಳ ಕಡೆ ತಿರುಗಲೂ ಇಲ್ಲ.

ಜಿಲಾಲಿ ಹಗ್ಗ ಹಿಡಿದು ಮಸೂದನನ್ನು ನಡೆಸಿಕೊಂಡು ಹೊರಟ. ದಾರಿ ಇದ್ದದ್ದು ಜನರ ನಡುವೆಯೇ. ಸಿಳ್ಳೆ, ಕೂಗು, ಯಾರೋ ಎಸೆದ ಕಲ್ಲಂಗಡಿ ಸಿಪ್ಪೆ. ಅವನು ಅವಸರ ಮಾಡಲಿಲ್ಲ. ದಿನಾ ಬೆಳಿಗ್ಗೆ ಗಾಡಿದಾರಿಯಲ್ಲಿ ಹೋಗುವ ಹಾಗೆಯೇ ನೆಟ್ಟಗೆ, ನಿಧಾನವಾಗಿ ನಡೆದ. ಸಲ್ಲಾಮ್ ದಾರಿ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎಡಗಾಲಿನ ಮೇಲೇ ಕಣ್ಣಿಟ್ಟಿದ್ದ. ತಾಮು ಹಿಂದಿನಿಂದ ಆ ಗೊರಸು ಎದ್ದು, ಬಿದ್ದು, ಎದ್ದು ಹೋಗುವುದನ್ನು ನೋಡುತ್ತಾ ನಡೆದಳು. ಬಿಸಿ ಇತ್ತು, ಆದರೆ ಕಾಲು ತಡೆದುಕೊಂಡಿತ್ತು. ಮಸೂದ್ ಒಂದು ಹೆಜ್ಜೆಯಲ್ಲೂ ಕುಂಟಲಿಲ್ಲ. ಅವರು ದಾಟಿ ಹೋದ ಮೇಲೆ ಸಲ್ಲಾಮ್ ಎದ್ದು, ಜೇಬಿನ ಸಕ್ಕರೆ ತುಂಡನ್ನು ತನ್ನ ಬಾಯಿಗೇ ಹಾಕಿಕೊಂಡ.

ಸಮುದ್ರ ಹತ್ತಿರವೇ. ಜಿಲಾಲಿ ಉರುಸಿನ ಬಿಳಿ ಬಟ್ಟೆಯಲ್ಲೇ ಮೊಣಕಾಲುದ್ದ ನೀರಿಗಿಳಿದು ಕುದುರೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ. ತಾಮು ಲಂಗ ಎತ್ತಿ ಕಟ್ಟಿ ಅವನ ಪಕ್ಕ ಹೋಗಿ ನಿಂತಳು. ಹಿಂದಿನಿಂದ ನೆಲ ಅದುರಿತು, ಆಮೇಲೆ ಸದ್ದು ಬಂತು. ಒಂದೇ ಗುಂಡು. ಅವನಿಲ್ಲದೆಯೂ ಒಂದೇ ಗುಂಡು. ಜಿಲಾಲಿ ಕಣ್ಣು ಮುಚ್ಚಿ ತೆರೆದ.

"ಏನಾದ್ರೂ ಬೈಯೇ. ಸುಮ್ನೆ ಇದ್ರೆ ಕಷ್ಟ ಆಗುತ್ತೆ" ಎಂದ.

ಅವಳು ಬಗ್ಗಿ ನೀರಿನೊಳಗೆ ಕೈಯಿಟ್ಟು ಕುದುರೆಯ ಕಾಲು ಮುಟ್ಟಿ ನೋಡಿದಳು. ಅಲ್ಲಿ ಆಗಲೇ ಅವನ ಕೈ ಇತ್ತು.

"ಅಷ್ಟು ಜನರ ಮುಂದೆ ಆ ಸುಳ್ಳು ಹೇಳ್ಬೇಕಾಗಿತ್ತಾ?" ಎಂದು ಕೊನೆಗೆ ಕೇಳಿದಳು.

"ಸುಳ್ಳಲ್ಲ ಕಣೆ" ಎಂದ ಜಿಲಾಲಿ. "ಕೈ ನಿಜವಾಗ್ಲೂ ನಡುಗ್ತಿತ್ತು."

ಮರು ವರ್ಷ ಕದ್ದೂರ್ ಕುದುರೆ ಬರಲಿ, ಸವಾರ ಬೇಡ ಎಂದು ಹೇಳಿಕಳಿಸಿದ. ಮಸೂದನ ಮೇಲೆ ಕದ್ದೂರನ ಅಳಿಯ ಕೂತ. ದಿನಕ್ಕೆ ಎರಡೇ ಓಟ ಎಂದು ತಾಮು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಕೊಟ್ಟಿದ್ದಳು. ಜಿಲಾಲಿ ಪ್ರತಿ ಉರುಸಿಗೂ ಕುದುರೆಯನ್ನು ನಡೆಸಿಕೊಂಡು ಹೋಗಿ, ಕಾಲು ಮುಟ್ಟಿ ನೋಡಿ ಹಗ್ಗ ಆ ಹುಡುಗನ ಕೈಗೆ ಕೊಟ್ಟು, ಬದಿಗೆ ಸರಿದು ನಿಲ್ಲುತ್ತಿದ್ದ. ಗಡ್ಡಕ್ಕೆ ಬಣ್ಣ ಹಚ್ಚುವುದನ್ನು ಬಿಟ್ಟ. ಊರಿನವರು ಅವನಿಗೆ ನಡುಕ ಜಿಲಾಲಿ ಎಂದು ಹೆಸರಿಟ್ಟರು. ಮಕ್ಕಳು ಕೂಗಿದರು, ಸಂತೆಯಲ್ಲಿ ಕೂಗಿದರು, ಕೊನೆಗೆ ಅವನ ಹೆಣದ ಹಿಂದೆ ನಡೆದವರೂ ಮಾತಿನ ನಡುವೆ ಅದನ್ನೇ ಅಂದರು. ತಾಮು ಅವನನ್ನು ಕತ್ತೆ ಎಂದಳು, ಈರುಳ್ಳಿ ಸಿಪ್ಪೆ ಎಂದಳು, ಗೋಡೆಗೆ ಅಂಟಿದ ಹಲ್ಲಿ ಎಂದಳು, ದಿನಕ್ಕೊಂದು ಹೊಸ ಬೈಗುಳ ಹುಡುಕಿದಳು. ಆ ಹೆಸರನ್ನು ಮಾತ್ರ ಸಾಯುವವರೆಗೂ ಒಂದು ಸಲವೂ ಬಾಯಿಗೆ ತರಲಿಲ್ಲ.